ಕೆಟ್ಟ ದಿನಕ್ಕೂ ಆಗುವ ಕೆಲಸ

ಮೇ ತಿಂಗಳಲ್ಲಿ ಕಾಪುವಿನಲ್ಲಿ ಒಂದು ಮದುವೆ. ಊಟಕ್ಕೆ ಕೂತರೆ ಪಕ್ಕದ ಎಲೆಯಲ್ಲಿ ಅಮ್ಮನ ಕಡೆಯ ದೂರದ ಮಾವ. ಸಾರು ಬರುವ ಮೊದಲೇ ಪ್ರಶ್ನೆ ಬಂತು. "ಈಗ ಎಂತ ಮಾಡ್ಕೊಂಡಿದ್ದಿ ಮಾರಾಯ?" ಬೈಂಡಿಂಗ್‌ನಲ್ಲಿ ಇದ್ದೇನೆ ಅಂದೆ. "ಅದು ಯಾವ ಕಂಪನಿ?" ಕಂಪನಿ ಅಲ್ಲ ಮಾವ, ಅಂಗಡಿ, ಪುಸ್ತಕ ಹೊಲಿಯುವುದು, ರಟ್ಟು ಹಾಕುವುದು ಅಂದೆ. ಅವರು ಸ್ವಲ್ಪ ಹೊತ್ತು ಉಪ್ಪಿನಕಾಯಿಯನ್ನೇ ನೋಡಿದರು. ಆಮೇಲೆ, "ಇರಲಿ, ಸದ್ಯಕ್ಕೆ ಅಲ್ವಾ" ಅಂದರು.

ಸದ್ಯಕ್ಕಲ್ಲ. ಒಂದೂವರೆ ವರ್ಷ ಆಯಿತು. ಆದರೆ ಎಲೆಯ ಮುಂದೆ ಕೂತು ಅದನ್ನೆಲ್ಲ ಹೇಳಲಿಕ್ಕೆ ಆಗುತ್ತದಾ? ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಂಗಳೂರಿನ ಒಂದು ಆಫೀಸಿನಲ್ಲಿದ್ದೆ. ಅಮೆರಿಕದ ಆಸ್ಪತ್ರೆಗಳು ಕಳಿಸಿದ ಬಿಲ್ಲನ್ನು ಅಲ್ಲಿನ ಇನ್ಶೂರೆನ್ಸ್ ಕಂಪನಿಗಳು ತಿರಸ್ಕರಿಸುತ್ತವಲ್ಲ, ಯಾಕೆ ಕೊಡುವುದಿಲ್ಲ ಅಂತ ಅವರಿಗೆ ಫೋನ್ ಮಾಡಿ ಕೇಳುವ ಕೆಲಸ. ಸಂಜೆ ಆರೂವರೆಗೆ ಶುರು, ಬೆಳಗಿನ ಜಾವ ಮೂರೂವರೆಗೆ ಬಿಡುಗಡೆ. ಸಂಬಳ 31,000. ಕೆಲಸ ಕಷ್ಟದ್ದೇನೂ ಅಲ್ಲ, ಆದರೆ ಅದಕ್ಕೆ ಕೊನೆ ಇರಲಿಲ್ಲ. ಇವತ್ತು ನಲವತ್ತು ಮುಗಿಸಿದರೆ ನಾಳೆ ಪಟ್ಟಿಯಲ್ಲಿ ಅರವತ್ತು. ಹಗಲಲ್ಲಿ ನಿದ್ದೆ ಬರುತ್ತಿರಲಿಲ್ಲ, ರಾತ್ರಿ ಎಚ್ಚರ ಇರುತ್ತಿರಲಿಲ್ಲ. ನಿದ್ದೆ ಹಾಳಾದ್ದರಿಂದ ಖಿನ್ನತೆ ಬಂತಾ, ಖಿನ್ನತೆ ಬಂದದ್ದಕ್ಕೆ ನಿದ್ದೆ ಹಾಳಾಯಿತಾ ಅಂತ ಡಾಕ್ಟರಲ್ಲಿ ಕೇಳಿದ್ದೆ. ಎರಡೂ ಒಂದನ್ನೊಂದು ಎಳೆಯುತ್ತವೆ ಅಂದರು.

2022ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಒಂದು ಸಾಲಿನ ಇಮೇಲ್ ಬರೆದು ಕೆಲಸ ಬಿಟ್ಟೆ. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಬಿಟ್ಟದ್ದಕ್ಕಲ್ಲ, ಬಿಟ್ಟ ರೀತಿಗೆ. ಮೊದಲು ಡಾಕ್ಟರ ಹತ್ತಿರ ಹೋಗಿದ್ದರೆ, ರಜೆ ಕೇಳಿದ್ದರೆ, ಹಗಲು ಶಿಫ್ಟ್ ಸಿಗುತ್ತದಾ ಅಂತ ವಿಚಾರಿಸಿದ್ದರೆ, ಸಿಗದೆ ಹೋದರೂ ಕೈಯಲ್ಲಿ ನಾಲ್ಕು ಕಾಸು ಇರುವಾಗ ಬಿಡಬಹುದಿತ್ತು. ತಲೆ ಸರಿ ಇಲ್ಲದ ಹೊತ್ತಲ್ಲಿ, ಅದೂ ರಾತ್ರಿ ಮೂರು ಗಂಟೆಗೆ, ರಾಜೀನಾಮೆ ಬರೆಯಬೇಡಿ. ಮಾವಂದಿರು ಕೊಡುವ ಉಪದೇಶದ ಸಾಲಿಗೆ ನನ್ನದೂ ಒಂದು.

ಆಮೇಲೆ ಮನೆ. ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ನಮ್ಮದು. ಎರಡು ತಿಂಗಳು ಮಲಗಿದ್ದೇ ಜಾಸ್ತಿ. ಅಮ್ಮ ಜೋಯಿಸರಲ್ಲಿ ಕೇಳಿ ನಾಗನಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸಿದರು. ನಾನು ಬೇಡ ಅನ್ನಲಿಲ್ಲ. ಮಂಡೆಬೆಚ್ಚ ಮಾಡಬೇಡ, ಎಲ್ಲ ಸರಿ ಆಗುತ್ತದೆ ಅಂತ ನೆಂಟರೆಲ್ಲ ಹೇಳಿದರು, ಅದಕ್ಕೂ ಹೂಂ ಅಂದೆ. ಕೊನೆಗೆ ಅಕ್ಕ ಎಬ್ಬಿಸಿಕೊಂಡು ಹೋಗಿ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕೂರಿಸಿದಳು. ಮಾತ್ರೆ ಶುರುವಾಯಿತು. ಮೊದಲ ವಾರ ಬರೀ ವಾಕರಿಕೆ. ಇದು ನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಲ್ಲ, ನಾಲ್ಕಾರು ವಾರ ಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹೇಳದೇ ಇದ್ದಿದ್ದರೆ ನಾನು ಹತ್ತನೇ ದಿನಕ್ಕೇ ಡಬ್ಬಿ ಬಿಸಾಡುತ್ತಿದ್ದೆ.

ಆ ದಿನಗಳಲ್ಲಿ ಮೊಬೈಲ್ ತೆರೆದರೆ ಎಲ್ಲರದ್ದೂ ಒಂದೇ ಮಾತು. ನಿಮ್ಮ ಪ್ಯಾಶನ್ ಹುಡುಕಿ, ಇಷ್ಟದ ಕೆಲಸ ಮಾಡಿದರೆ ಕೆಲಸ ಅಂತಲೇ ಅನಿಸುವುದಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಖಿನ್ನತೆ ಮೊದಲು ಕೈ ಹಾಕುವುದೇ ಇಷ್ಟಪಡುವ ಶಕ್ತಿಗೆ. ಡಾಕ್ಟರುಗಳು ಅದಕ್ಕೆ ಅನ್‌ಹೆಡೋನಿಯಾ ಅನ್ನುತ್ತಾರೆ. ಅಮ್ಮ ಮಾಡಿದ ನೀರುದೋಸೆಯೇ ಬಾಯಲ್ಲಿ ರಟ್ಟಿನ ಹಾಗೆ ಆಗುತ್ತಿದ್ದಾಗ (ಮುಂದೆ ಹೊಟ್ಟೆಪಾಡು ರಟ್ಟಿನ ಜೊತೆಗೇ ಅಂತ ಆಗ ಗೊತ್ತಿರಲಿಲ್ಲ) ಇಷ್ಟದ ಕೆಲಸ ಎಲ್ಲಿಂದ ಹುಡುಕಲಿ? ಇಷ್ಟ ಅಂತ ಒಂದು ಇದ್ದರಲ್ಲವಾ?

ಹುಡುಕದೇ ಸಿಕ್ಕಿದ ಮೊದಲ ಕೆಲಸ ಮಲ್ಲಿಗೆ ಕಟ್ಟುವುದು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಇಲ್ಲಿ ಸುಮಾರು ಮನೆಗಳ ಅಂಗಳದಲ್ಲಿ ಮಲ್ಲಿಗೆ ಇದೆ, ಉಡುಪಿ ಮಲ್ಲಿಗೆ ಅಂತ ಜಿಐ, ಅಂದರೆ ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಕೂಡ ಸಿಕ್ಕಿದೆ. ಬೆಳಿಗ್ಗೆ ಬೆಳಿಗ್ಗೆ ಮೊಗ್ಗು ಕೊಯ್ಯಬೇಕು, ಎಣಿಸಬೇಕು, ಒದ್ದೆ ಮಾಡಿದ ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಬದಲು. 2023ರ ಫೆಬ್ರವರಿಯಲ್ಲಿ ಒಂದು ದಿನ ಅಮ್ಮನ ಬೆರಳಿಗೆ ಕತ್ತಿ ತಾಗಿ ಬ್ಯಾಂಡೇಜು. "ಒಂದು ಚೆಂಡು ಕಟ್ಟಿ ಕೊಡ್ತಿಯಾ?" ಅಂತ ಕೇಳಿದರು. ಇಲ್ಲ ಅನ್ನುವುದಕ್ಕೂ ನನಗೆ ಉದಾಸೀನ, ಹಾಗಾಗಿ ಕೂತೆ. ಅಮ್ಮ ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ನನಗೆ ಎರಡು ಗಂಟೆ ಬೇಕಾಯಿತು. ಮುನ್ನೂರರ ಹತ್ತಿರ ಲೆಕ್ಕ ತಪ್ಪಿತು, ಬಿಚ್ಚಿ ಮತ್ತೆ ಶುರು ಮಾಡಿದೆ. ಆದರೆ ಎಂಟುನೂರಕ್ಕೆ ಅದು ಮುಗಿಯಿತು. ಮುಗಿಯಿತು! ಬೈಕಿನವನು ಬಂದು ತಗೊಂಡು ಹೋದ. ನಾಳೆಗೆ ಉಳಿಯುವ ಬಾಕಿ ಇಲ್ಲ, ಮರುದಿನದ ಮೊಗ್ಗು ಮರುದಿನಕ್ಕೆ.

ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಸುಮ್ನೆ ಹೇಳಿದೆ. ಅವರು ಇದಕ್ಕೆ ಹೆಸರೇ ಇದೆ, ಬಿಹೇವಿಯರಲ್ ಆಕ್ಟಿವೇಶನ್ ಅಂತ ಒಂದು ಚಿಕಿತ್ಸೆ ಅಂದರು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯುವುದಲ್ಲ, ಸಣ್ಣದೊಂದು ಮಾಡುವುದು, ಮನಸ್ಸು ಹಿಂದಿನಿಂದ ಮೆಲ್ಲ ಬರುತ್ತದೆ. ಎಲ್ಲ ದಿನ ಬಂತು ಅಂತ ನಾನು ಹೇಳುವುದಿಲ್ಲ. ಕೆಲವು ದಿನ ಎಂಟುನೂರೂ ಕಟ್ಟಿ ಮತ್ತೆ ಹೋಗಿ ಮಲಗಿದ್ದೇನೆ.

ಆಮೇಲೆ ತಪ್ಪು ಮಾಡಿದೆ. ಏಪ್ರಿಲ್ ಮೇಯಲ್ಲಿ ಒಂದೆರಡು ವಾರ ಚೆನ್ನಾಗಿದ್ದೆ, ಹಾಗಾದರೆ ಗುಣ ಆಯಿತು ಅಂತ ಮಂಗಳೂರಿನ ಒಂದು ಮೊಬೈಲ್ ಶೋರೂಮಿಗೆ ಸೇರಿಬಿಟ್ಟೆ. ಮಾತಾಡಿ ಮಾರುವ ಕೆಲಸ, ತಿಂಗಳ ಟಾರ್ಗೆಟ್, ಒಂದು ಕಡೆಗೇ ಎರಡು ಗಂಟೆಯ ಬಸ್ಸು. ಒಳ್ಳೆಯ ದಿನ ನಾನು ಚೆನ್ನಾಗಿ ಮಾತಾಡುತ್ತೇನೆ, ಸುಳ್ಳಲ್ಲ. ಆದರೆ ಮೂರನೇ ವಾರದಲ್ಲಿ ಒಂದು ದಿನ ಗಿರಾಕಿ ಎದುರು ನಿಂತು ಬ್ಯಾಟರಿ ಎಷ್ಟು ಅಂತ ಕೇಳುತ್ತಿದ್ದಾರೆ, ನನಗೆ ಬಾಯಿ ತೆರೆಯಲಿಕ್ಕೇ ಆಗುತ್ತಿಲ್ಲ. ಉತ್ತರ ಗೊತ್ತು, ಅದು ಹೊರಗೆ ಬರುವುದಿಲ್ಲ. ಹತ್ತೊಂಬತ್ತನೇ ದಿನಕ್ಕೆ ಮನೆಗೆ ವಾಪಸ್. ಆ ರಾತ್ರಿ ಕೆಟ್ಟ ಯೋಚನೆ ಬಂತು, ಬದುಕುವುದೇ ಬೇಡ ಅನ್ನುವಂಥದ್ದು. ಅಕ್ಕನನ್ನು ಎಬ್ಬಿಸಲಿಕ್ಕೆ ನಾಚಿಕೆಯಾಗಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ, 2022ರಲ್ಲಿ ಸರ್ಕಾರ ಶುರು ಮಾಡಿದ್ದು, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಕಡೆ ಇದ್ದವರು ಉಪದೇಶ ಮಾಡಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಅವರನ್ನು ಎಬ್ಬಿಸಬಹುದಾ ಅಂತ ಕೇಳಿದರು. ಎಬ್ಬಿಸಿದೆ. ನಾಚಿಕೆಯ ಕೆಲಸ ಏನೂ ಆಗಿರಲಿಲ್ಲ ಅದು.

ಆ ಹತ್ತೊಂಬತ್ತು ದಿನದಿಂದ ನನಗೆ ಒಂದು ವಿಷಯ ಹೊಳೆಯಿತು. ನಾನು ಕೆಲಸವನ್ನು ನನ್ನ ಒಳ್ಳೆಯ ದಿನದ ಅಳತೆಗೆ ಹೊಲಿಸುತ್ತಿದ್ದೆ. ವರ್ಷದಲ್ಲಿ ಎಷ್ಟು ದಿನ ಹಾಗಿರುತ್ತೇನೆ? ಕೇಳಬೇಕಾದ್ದು ಇದು ನನಗೆ ಇಷ್ಟವಾ ಅಂತಲ್ಲ. ಕೆಟ್ಟ ದಿನದಲ್ಲೂ, ಬಾಯಿ ಬಿಡಲಿಕ್ಕಾಗದ ದಿನದಲ್ಲೂ, ಈ ಕೆಲಸದ ಅರ್ಧವಾದರೂ ನನ್ನ ಕೈಯಲ್ಲಿ ಆಗುತ್ತದಾ? ಆಗದ ಅರ್ಧಕ್ಕೆ ಯಾರಿಗಾದರೂ ದೊಡ್ಡ ನಷ್ಟ ಇದೆಯಾ? ಸಂಜೆಗೆ ಮುಗಿಯುತ್ತದಾ? ಒಂದು ದಿನ ಹೋಗದಿದ್ದರೆ ಅಲ್ಲಿ ಯಾರಿಗಾದರೂ ಗೊತ್ತಾಗುತ್ತದಾ?

ಸರ್ಕಾರಿ ಕೆಲಸದ ಆಸೆಯೂ ಒಮ್ಮೆ ಹುಟ್ಟಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. 4% ಮೀಸಲಾತಿಯಲ್ಲಿ 1% ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹು ವೈಕಲ್ಯ ಎಲ್ಲರಿಗೂ ಸೇರಿಸಿ. ಅದಕ್ಕೆ ಕನಿಷ್ಠ 40% ಅಂತ ಸರ್ಟಿಫಿಕೇಟ್ ಬೇಕು. ನಿಮ್ಮದು ಅಷ್ಟಾಗಲಿಕ್ಕಿಲ್ಲ ಅಂದರು ಡಾಕ್ಟರು. ಕಾಯಿಲೆಯಲ್ಲೂ ಮಾರ್ಕ್ಸ್ ಕಮ್ಮಿ.

ಒಂದು ಇಂಟರ್‌ವ್ಯೂನಲ್ಲಿ ಮಧ್ಯದ ಗ್ಯಾಪ್ ಯಾಕೆ ಅಂತ ಕೇಳಿದಾಗ ಖಿನ್ನತೆ ಇತ್ತು ಅಂತ ನಿಜ ಹೇಳಿದೆ. ಆಮೇಲೆ ಅವರ ಫೋನೇ ಇಲ್ಲ. ಹಾಗಂತ ಮುಚ್ಚಿಟ್ಟು ಸೇರಿದ ಶೋರೂಮಿನ ಕಥೆ ಗೊತ್ತೇ ಇದೆ. ನನ್ನ ಈಗಿನ ಅಭಿಪ್ರಾಯ ಏನೆಂದರೆ, ಇಂಟರ್‌ವ್ಯೂಗೆ ಕೂತವರಿಗೆಲ್ಲ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ದಿನಾ ಯಾರ ಕೈಕೆಳಗೆ ಕೆಲಸ ಮಾಡುತ್ತೇವೋ ಆ ಒಬ್ಬರಿಗೆ ನಮಗೆ ಬೇಕಾದ್ದು ಏನು ಅಂತ ಹೇಳಿದರೆ ಸಾಕು.

ಆ ಒಬ್ಬರು ನನಗೆ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ. ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಬೈಂಡಿಂಗ್ ಅಂಗಡಿ. ಯಜಮಾನರಿಗೆ ಎಪ್ಪತ್ತರ ಹತ್ತಿರ ಪ್ರಾಯ, ಎಲ್ಲರೂ ಮಾಮ್ ಅಂತಲೇ ಕರೆಯುವುದು. ಅಕ್ಕನ ಕಾಲೇಜಿನ ಹಳೇ ಪುಸ್ತಕ ಕೊಡಲಿಕ್ಕೆ ಹೋದವನು ಕೆಲಸ ಇದೆಯಾ ಅಂತ ಕೇಳಿದೆ. ಕೆಲವು ದಿನ ಬೆಳಿಗ್ಗೆ ಬೇಗ ಏಳಲಿಕ್ಕೆ ಆಗುವುದಿಲ್ಲ, ಮಾತ್ರೆ ತಗೊಳ್ಳುತ್ತಿದ್ದೇನೆ, ಅಂಥ ದಿನ ಜಾಸ್ತಿ ಮಾತೂ ಆಡುವುದಿಲ್ಲ ಅಂತ ಮೊದಲೇ ಹೇಳಿದೆ. ಮಾಮ್ ಕನ್ನಡಕದ ಮೇಲಿಂದ ನೋಡಿದರು. "ಮಳೆಗಾಲದಲ್ಲಿ ಅಂಟೇ ಹನ್ನೊಂದಕ್ಕೆ ಮೊದಲು ಒಣಗುವುದಿಲ್ಲ ಮಾರಾಯ್ರೆ. ಹನ್ನೊಂದಕ್ಕೆ ಬನ್ನಿ. ಮಾತಾಡುವವರು ಇಲ್ಲಿ ನಾನೊಬ್ಬ ಇದ್ದೇನೆ, ಸಾಕು."

ಅರ್ಧ ದಿನಕ್ಕೆ ಶುರು, ತಿಂಗಳಿಗೆ 6,000. ಈಗ ಪೂರ್ತಿ ದಿನ, 13,500. ಹಳೇ ಸಂಬಳದ ಅರ್ಧವೂ ಇಲ್ಲ. ಸ್ವಂತ ಮನೆ ಇದೆ, ಸಾಲ ಇಲ್ಲ, ಅಮ್ಮನ ಮಲ್ಲಿಗೆ ಇದೆ, ಹಾಗಾಗಿ ನನಗೆ ನಡೆಯುತ್ತದೆ. ಬಾಡಿಗೆ, ಇಎಂಐ, ಮಕ್ಕಳ ಫೀಸು ಇರುವವರಿಗೆ ಹೋಗಿ ಬೈಂಡಿಂಗ್ ಮಾಡಿ ಅಂತ ಹೇಳುವಷ್ಟು ನಾನು ದಡ್ಡನಲ್ಲ. ಕೈಕೆಲಸ ಮಾಡಿದರೆ ಖಿನ್ನತೆ ಹೋಗುತ್ತದೆ ಅಂತಲೂ ಅಲ್ಲ. ಹೋಗಿಲ್ಲ.

ಕೆಲಸ ಹೇಗೆ ಅಂದರೆ, ಮೈದಾ ಅಂಟು ಕಾಯಿಸುವಾಗ ಹುಳ ಬರಬಾರದು ಅಂತ ಚೂರು ಮೈಲುತುತ್ತ ಹಾಕುತ್ತೇವೆ, ಆಗ ಅದಕ್ಕೆ ಒಂದು ತೆಳು ನೀಲಿ ಬಣ್ಣ ಬರುತ್ತದೆ. ಹಳೇ ಪುಸ್ತಕ ಬಂದರೆ ಬಿಚ್ಚಿ, ಮಡಿಕೆ ಮಡಿಕೆಯಾಗಿ ಜೋಡಿಸಿ ಮತ್ತೆ ಹೊಲಿಯಬೇಕು. ನನ್ನ ಬೆರಳಿಗೆ ಬಾಳೆನಾರು ಗೊತ್ತಿತ್ತಲ್ಲ, ದಾರ ಬೇಗ ಬಂತು. ಕೆಟ್ಟ ದಿನ ಹೊಲಿಗೆ ಮಾತ್ರ ಮಾಡುತ್ತೇನೆ, ತಲೆ ಎತ್ತಬೇಕಾಗಿಲ್ಲ. ಒಳ್ಳೆಯ ದಿನ ಮಣಿಪಾಲದಿಂದ ಥೀಸಿಸ್ ಹಿಡಿದುಕೊಂಡು ಓಡಿ ಬರುವ ಹುಡುಗ ಹುಡುಗಿಯರ ಜೊತೆ ಮಾತಾಡುವುದು, ರೆಕ್ಸಿನ್ ಮೇಲೆ ಚಿನ್ನದ ಅಕ್ಷರ ಕೂರಿಸುವುದು, ಬಿಲ್ ಬರೆಯುವುದು. ಒಬ್ಬಳು ತನ್ನ ಹೆಸರಿನ ಮೇಲೆ ಬೆರಳಾಡಿಸಿ ಅಲ್ಲೇ ಅತ್ತುಬಿಟ್ಟಳು, ಐದು ವರ್ಷದ ಕೆಲಸವಂತೆ. ಬೋರ್ ಆಗುವುದಿಲ್ಲವಾ ಅಂದರೆ ಆಗುತ್ತದೆ. ಲೆಡ್ಜರ್‌ಗೆ ನಂಬರ್ ಒತ್ತುವಾಗ ಜೀವವೇ ಹೋಗುತ್ತದೆ.

ಕಳೆದ ವರ್ಷ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು), ಚೆನ್ನಾಗಿದ್ದೇನಲ್ಲ ಅಂತ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ಅಮಾವಾಸ್ಯೆಗೆ ಅಮ್ಮ ಪಾಲೆ ಮರದ ಕಷಾಯ ಕೊಟ್ಟರು, ಆ ಕಹಿಯನ್ನು ಮುಖ ಹಿಂಡದೆ ಕುಡಿದವನಿಗೆ ದಿನಾ ಒಂದು ಸಣ್ಣ ಮಾತ್ರೆ ಭಾರವಾಯಿತು ನೋಡಿ. ಕೆಲವೇ ವಾರದಲ್ಲಿ ಮತ್ತೆ ಹಾಸಿಗೆ. ಒಂಬತ್ತು ದಿನ ಅಂಗಡಿಗೆ ಹೋಗಲಿಲ್ಲ. ನಾಲ್ಕನೇ ದಿನ ಮಾಮ್ ಫೋನ್ ಮಾಡಿದರು, "ಕನ್ನಡ ಅಕ್ಷರದ ಡಬ್ಬಿ ಎಲ್ಲಿಟ್ಟಿದ್ದಿ?" ನಿಮ್ಮ ಮೇಜಿನ ಮೇಲೆಯೇ ಇದೆ ಅಂದೆ. "ಹೌದಾ, ಸರಿ." ಮರುದಿನ ಮತ್ತೆ ಅದೇ ಪ್ರಶ್ನೆ. ಐದು ದಿನ ಅದೇ ಡಬ್ಬಿಯನ್ನು ಹುಡುಕಿದರು. ಹತ್ತನೇ ದಿನ ಹೋದಾಗ ಡಬ್ಬಿ ಅಲ್ಲೇ ಇತ್ತು, ಅವರು ಅದರ ಮೇಲೆ ಚಾದ ಲೋಟ ಇಟ್ಟಿದ್ದರು.

ಮಾತ್ರೆ ಮತ್ತೆ ಶುರು. ಈ ಸಲ ನಿಲ್ಲಿಸುವುದಾದರೆ ಡಾಕ್ಟರು ಹೇಳಿದ ಹಾಗೆ, ಮೆಲ್ಲ ಮೆಲ್ಲ ಕಮ್ಮಿ ಮಾಡಿ.

ನಾಳೆ ಅಜ್ಜರಕಾಡಿಗೆ ಹೋಗಬೇಕು, ಅಂಗಡಿಗೆ ಮಧ್ಯಾಹ್ನದ ಮೇಲೆ. ಮೂರು ದಿನದಿಂದ ಬಿಡದ ಮಳೆ. ಫ್ಯಾನಿನ ಕೆಳಗೆ ನಾಲ್ಕು ಥೀಸಿಸ್ ಒಣಗುತ್ತಿವೆ. ಹೊತ್ತಿಗೆ ಸರಿಯಾಗಿ ಮಗುಚಿ ಭಾರ ಇಡದಿದ್ದರೆ ರಟ್ಟು ಬಿಲ್ಲಿನ ಹಾಗೆ ಬಾಗುತ್ತದೆ. ಬೆಳಿಗ್ಗೆ ಮಗುಚಿ ಇಡಿ ಅಂತ ಮಾಮ್‌ಗೆ ಎರಡು ಸಲ ಹೇಳಿ ಬಂದಿದ್ದೇನೆ. ಮರೆಯುತ್ತಾರೆ. ಹತ್ತು ಗಂಟೆಗೆ ನಾನೇ ಫೋನ್ ಮಾಡಿ ಅಕ್ಷರದ ಡಬ್ಬಿ ಎಲ್ಲಿದೆ ಅಂತ ಕೇಳಬೇಕು.