ಬಾನೆಟ್ ಒಳಗಿನ ಕಪ್ಪು ಹಾಸು ತೆಗೆಯಬೇಕಾ?

ಮೊನ್ನೆ ಬೆಳಿಗ್ಗೆ ಗೋಣಿಕೊಪ್ಪಕ್ಕೆ ಹೊರಡೋಣ ಅಂತ ನನ್ನ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದೆ. ಬಿಸಿ, ಸದ್ದು ತಡೆಯಲು ಅದರ ಒಳಗಡೆ ಹಾಕಿರುವ ಕಪ್ಪು ಹಾಸು ಒಂದು ಮೂಲೆಯಲ್ಲಿ ಜೋತು ಬಿದ್ದಿತ್ತು, ಇಲಿ ಕಡಿದು ನಾರೆಲ್ಲಾ ಹೊರಗೆ ಬಂದಿತ್ತು, ಬ್ಯಾಟರಿ ಪಕ್ಕದಲ್ಲಿ ಆ ನಾರಿಗೆ ಸಿಲ್ವರ್ ಓಕ್ ಮರದ ಒಣ ಎಲೆ ಸೇರಿಸಿ ಕಟ್ಟಿದ ಮುಷ್ಟಿಯಷ್ಟು ಗೂಡು. ತೋಟದ ಮಧ್ಯದ ಮನೆ, ಮಳೆಗಾಲ ಬೇರೆ. ಇಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ.

"ತೆಗೆದು ಬಿಸಾಕಿ, ಇಂಜಿನ್ ತಣ್ಣಗಿರುತ್ತೆ, ತೂಕಾನೂ ಕಮ್ಮಿ" ಅಂದರು ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ಇಂಜಿನ್ ತಣ್ಣಗಿಡುವುದು ರೇಡಿಯೇಟರ್, ಕೂಲೆಂಟ್, ಫ್ಯಾನ್. ಸಂಪಾಜೆ ಘಾಟಿ ಹತ್ತುವಾಗ ಬಿಸಿ ಜಾಸ್ತಿಯಾದರೆ ಮೊದಲು ನೋಡಬೇಕಾದ್ದು ಅವನ್ನೇ. ಹಾಸು ಇಲ್ಲದಿದ್ದರೆ ಬಾನೆಟ್ ತಗಡಿನ ಮೂಲಕ ಸ್ವಲ್ಪ ಬಿಸಿ ಹೊರಗೆ ಹೋಗಬಹುದು, ಆದರೆ ಅದೇ ಬಿಸಿ ಮೇಲಿನ ಪೇಂಟಿಗೆ ತಗಲುತ್ತದೆ ಅಲ್ವಾ? ಸದ್ದೂ ಜಾಸ್ತಿ. ಕೆಲವು ಕಾರುಗಳಲ್ಲಂತೂ ಬೆಂಕಿ ಹತ್ತಿದರೆ ಪ್ಲಾಸ್ಟಿಕ್ ಕ್ಲಿಪ್ಪುಗಳು ಕರಗಿ, ಹಾಸು ಇಂಜಿನ್ ಮೇಲೆ ಬಿದ್ದು ಬೆಂಕಿ ತಗ್ಗಿಸುವಂತೆ ಮಾಡಿರುತ್ತಾರೆ. ಇಷ್ಟೆಲ್ಲಾ ಬಿಟ್ಟು ಉಳಿಸುವ ತೂಕ ತೀರಾ ಕಮ್ಮಿ.

ಹಾಗಂತ ಹರಿದದ್ದನ್ನು ಸುಮ್ನೆ ಬಿಡಬೇಡಿ. ಎಣ್ಣೆ ಹೀರಿದ್ದರೆ, ಜೋತು ಬಿದ್ದು ಬೆಲ್ಟಿಗೋ ಎಕ್ಸಾಸ್ಟಿಗೋ ತಗಲುವಂತಿದ್ದರೆ ಅವತ್ತೇ ತೆಗೆಯಿರಿ. ನಾನೂ ತೆಗೆದೆ, ಮಾಸ್ಕ್, ಗ್ಲೌಸ್ ಹಾಕಿಕೊಂಡು, ಯಾಕಂದ್ರೆ ಇಲಿಯ ಮೂತ್ರದಿಂದ ಕಾಯಿಲೆ ಬರುತ್ತದೆ. ಹೊಸ ಹಾಸು ಆರ್ಡರ್ ಮಾಡಿದ್ದೇನೆ. ಈಗ ಟಾರ್ಚ್ ಹಿಡಿದು ವೈರುಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಒಂದರ ಮೇಲೆ ಹಲ್ಲಿನ ಗುರುತಿದೆ.