ಬಾಗಿಲ ಆಚೆ ಈಚೆ ಒಂದೇ ಚೌಕಾಬಾರ

2020ರ ಮಾರ್ಚ್ 25ರಿಂದ 21 ದಿನ ಎಂದು ಶುರುವಾದ ಲಾಕ್‌ಡೌನ್ ಬೆಳೆಯುತ್ತಲೇ ಹೋದಾಗ ಎಷ್ಟೋ ಮನೆಗಳಲ್ಲಿ ಅಟ್ಟದ ಡಬ್ಬಿಯಿಂದ ಕವಡೆ ಕೆಳಗಿಳಿದವು. ಚೌಕಗಳ ಮನೆ ಬರೆದು, ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರಕ್ಕೆ ಅಂಗಡಿಯಿಂದ ತರಬೇಕಾದ್ದು ಏನೂ ಇಲ್ಲ. ಕೊರೋನಾ ಬಂದು ಒಬ್ಬರು ಕೋಣೆ ಸೇರಿದರೂ ಅವರನ್ನು ಬಿಟ್ಟು ಆಡಬೇಕಿಲ್ಲ. ಅದು ಹೇಗೆಂದು ಆಮೇಲೆ ಹೇಳುತ್ತೇನೆ, ಮೊದಲು ಮನೆ ಬರೆಯೋಣ.

ಅಡ್ಡ 5, ಉದ್ದ 5, ಒಟ್ಟು 25 ಮನೆ. ಒಂದೊಂದೂ ಮೂರು ಇಂಚು ಇರಲಿ. ಚಿಕ್ಕದಾದರೆ ಒಂದೇ ಮನೆಯಲ್ಲಿ ನಾಲ್ಕೈದು ಕಾಯಿ ಕೂತಾಗ ಪಕ್ಕಕ್ಕೆ ಜಾರಿ ಜಗಳವಾಗುತ್ತದೆ. ನಾಲ್ಕೂ ಬದಿಯ ನಡುಮನೆಗೆ, ಮಧ್ಯದ ಮನೆಗೆ ಅಡ್ಡಗೀಟು ಹಾಕಿ. ಇವು ಕಟ್ಟೆ, ಇಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ, ಅಂದರೆ ಅದೇ ಮನೆಗೆ ಬಂದು ಅದನ್ನು ಹೊರಟಲ್ಲಿಗೆ ಕಳಿಸುವಂತಿಲ್ಲ. ಕೆಂಪು ಗಾರೆ ನೆಲಕ್ಕೆ ಸೀಮೆಸುಣ್ಣ ಚೆನ್ನಾಗಿ ಹತ್ತುತ್ತದೆ. ನುಣುಪು ಟೈಲ್ಸ್ ಮೇಲೆ ನಿಲ್ಲದು, ರಟ್ಟಿನ ಡಬ್ಬ ಬಿಚ್ಚಿ ಅದರ ಮೇಲೆ ಬರೆಯಿರಿ. ಒಬ್ಬೊಬ್ಬರಿಗೆ ಒಂದೇ ಬಗೆಯ ನಾಲ್ಕು ಕಾಯಿ: ಬಳೆಚೂರು, ಗುಂಡಿ, ಅವರೆಕಾಳು ಇಲ್ಲವೇ ಕಡಲೆ. ಅಜ್ಜಿ ತಾತ ಆಡುವುದಾದರೆ ಬಣ್ಣ ಎದ್ದು ಕಾಣಬೇಕು.

ಕವಡೆ ಇಲ್ಲವೆಂದರೆ ನಾಲ್ಕು ಹುಣಸೆಬೀಜ ಸಾಕು. ಒಂದೇ ಗಾತ್ರದವನ್ನು ಆರಿಸಿ, ಒರಟು ಕಲ್ಲಿನ ಮೇಲೆ ಒಂದು ಮೈಯನ್ನು ಬೆಳ್ಳಗೆ, ಚಪ್ಪಟೆಯಾಗುವವರೆಗೆ ಉಜ್ಜಬೇಕು. ಇಲ್ಲಿ ಅವಸರ ಮಾಡಬೇಡಿ. ಅರ್ಧ ಉಜ್ಜಿದ ಬೀಜ ಓರೆಯಾಗಿ ನಿಂತು ಯಾವಾಗಲೂ ಒಂದೇ ಕಡೆ ಮಗುಚುತ್ತದೆ. ಒಂದೊಂದನ್ನೂ ಐವತ್ತು ಸಲ ಹಾಕಿ ನೋಡಿ. ಬಿಳಿ ಮೈ ಹದಿನೈದಕ್ಕಿಂತ ಕಡಿಮೆ ಅಥವಾ ಮೂವತ್ತೈದಕ್ಕಿಂತ ಹೆಚ್ಚು ಬಿದ್ದರೆ ಆ ಬೀಜ ಬೇಡ.

ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ನಡೆ. ನಾಲ್ಕೂ ಬಿದ್ದರೆ ಚೌಕ, ಒಂದೂ ಬೀಳದಿದ್ದರೆ ಎಂಟು. ಎರಡಕ್ಕೂ ಮತ್ತೊಂದು ಹಾಕುವ ಅವಕಾಶ. ಕವಡೆಯಾದರೆ ಬಾಯಿ ಮೇಲಾದದ್ದನ್ನು ಎಣಿಸಿ. ತಮ್ಮ ಬದಿಯ ಕಟ್ಟೆಯಿಂದ ಬಲಗೈ ಕಡೆಗೆ ಹೊರಟ ಕಾಯಿ ಹೊರಸುತ್ತಿನಲ್ಲಿ 15 ಹೆಜ್ಜೆ ನಡೆದು, 16ನೆಯದಕ್ಕೆ ಒಳಸುತ್ತು ಸೇರಿ, ಅಲ್ಲಿ ತಿರುಗುಮುರುಗಾಗಿ ನಡೆದು 24ನೆಯ ಹೆಜ್ಜೆಗೆ ಮಧ್ಯದಲ್ಲಿ ಹಣ್ಣಾಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈ ನಿಯಮ, ಹೊಡೆದರೆ ಮತ್ತೊಂದು ಆಟ ಉಂಟೇ, ಜೋಡಿ ಕಾಯಿಗೆ ರಕ್ಷಣೆ ಉಂಟೇ, ಇವೆಲ್ಲ ಊರಿಂದೂರಿಗೆ ಬೇರೆ. ಅತ್ತೆ ಮನೆಯ ನಿಯಮ, ತವರಿನ ನಿಯಮ ಎರಡೂ ಇದ್ದರೆ ಕವಡೆ ಮುಟ್ಟುವ ಮೊದಲೇ ಒಂದನ್ನು ಗೊತ್ತುಮಾಡಿಕೊಳ್ಳಿ.

ಇನ್ನೊಂದು ಲೆಕ್ಕ ಮಕ್ಕಳಿಗೆ ಹೇಳಿಕೊಡಬೇಕಾದ್ದು. ನಾಲ್ಕೂ ಸಮನಾಗಿ ಬೀಳುವ ಬೀಜವಾದರೆ 16ರಲ್ಲಿ 6 ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಚೌಕ ಎಂಟು ತಲಾ ಒಂದು. ಹಾಗಾಗಿ ಹಣ್ಣಿಗೆ ಎರಡು ಹೆಜ್ಜೆ ಹಿಂದೆ ನಿಂತ ಕಾಯಿ ಒಂದು ಹೆಜ್ಜೆ ಹಿಂದೆ ನಿಂತದ್ದಕ್ಕಿಂತ ಬೇಗ ಹಣ್ಣಾಗುವ ಸಾಧ್ಯತೆ ಹೆಚ್ಚು.

ಈಗ ಕೋಣೆಯಲ್ಲಿರುವವರ ವಿಷಯ. ಬೀಜ, ಕಾಯಿ ಯಾವುದೂ ಬಾಗಿಲು ದಾಟಬಾರದು. ಎರಡು ರಟ್ಟು, ಎರಡು ಜೊತೆ ಬೀಜ, ನಡುವೆ ವೀಡಿಯೊ ಕರೆ. ಒಳಗಿನವರು ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ, ಬೀಳುವುದು ಕಾಣುವಂತೆ ತಾವೇ ಹಾಕಲಿ. ಕೆಡುವುದು ಎಲ್ಲಿ ಎಂದರೆ, ಎದುರುಬದುರು ಕೂತಂತೆ ಎಡಬಲ ಅದಲುಬದಲಾಗಿ, ಹತ್ತು ನಿಮಿಷದಲ್ಲಿ ಎರಡು ರಟ್ಟಿನಲ್ಲಿ ಎರಡು ಆಟವಾಗಿರುತ್ತದೆ. ಅದಕ್ಕೆ ಎರಡರಲ್ಲೂ ಒಂದೇ ಮೂಲೆಯಿಂದ 1ರಿಂದ 25ರವರೆಗೆ ಮನೆಗಳಿಗೆ ಅಂಕಿ ಬರೆಯಿರಿ. “ಕಡಲೆ, ಏಳರಿಂದ ಎಂಟಕ್ಕೆ” ಎಂದು ಕೂಗಿ ಹೇಳಿ ನಡೆಸಿ. ಎಲ್ಲರದೂ ಒಂದು ಸುತ್ತಾದ ಮೇಲೆ ಯಾವ ಕಾಯಿ ಎಲ್ಲಿದೆ ಎಂದು ಒಬ್ಬರು ಓದಿಬಿಡಲಿ.

ನಾಲ್ಕು ಜನರ ಆಟ ಗಂಟೆ ಮೀರಬಹುದು. ಜ್ವರ ಇರುವವರು ಅಷ್ಟು ಹೊತ್ತು ಕೂರಲಾರರು, ಕೂರಿಸಲೂ ಬಾರದು. ಸುಸ್ತಾಯಿತು ಎಂದ ಕೂಡಲೇ ರಟ್ಟಿನ ಫೋಟೊ ತೆಗೆದು, ಮುಂದಿನ ಸರದಿ ಯಾರದೆಂದು ಅದರ ಅಂಚಿನಲ್ಲಿ ಬರೆದಿಡಿ. ನಾಳೆ ಅಲ್ಲಿಂದಲೇ ಹಾಕಬಹುದು.