ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮತ್ತೆ ಭಾರ ಎತ್ತಬಹುದಾ?

ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿದ್ದಾರೆ ಅಂತ ಗೊತ್ತಾದವರೆಲ್ಲ ಕೇಳುತ್ತಾರೆ: "ಮತ್ತೆ ಜಿಮ್‌ಗೆ ಹೋಗ್ತೀರಾ? ಭಯ ಆಗಲ್ವಾ?" ಈಗಷ್ಟೇ ಸ್ಟೆಂಟ್ ಹಾಕಿಸಿಕೊಂಡವರ ಪ್ರಶ್ನೆ ಇನ್ನೂ ನೇರ: "ಮೊದಲಿನಷ್ಟು ಎತ್ತೋಕೆ ಎಷ್ಟು ದಿನ ಬೇಕು?"

ಹೋಗುತ್ತೇನೆ. ಭಯ ಇತ್ತು, ಈಗ ಕಡಿಮೆಯಾಗಿದೆ. ದಿನದ ಲೆಕ್ಕವನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು. ನನಗೆ ಮಣಿಕಟ್ಟಿನ ಮೂಲಕ ನಳಿಕೆ ತೂರಿಸಿ ಸ್ಟೆಂಟ್ ಕೂರಿಸಿದ್ದರು (ಆಂಜಿಯೋಪ್ಲಾಸ್ಟಿ). ಗಾಯ ಒಂದು ಚುಕ್ಕೆಯಷ್ಟೇ. ಬೈಪಾಸ್ ಆದವರಿಗೆ ಎದೆಮೂಳೆಯನ್ನೇ ಸೀಳಿ ತಂತಿಯಿಂದ ಕಟ್ಟಿರುತ್ತಾರೆ. ಅದು ಕೂಡಿಕೊಳ್ಳಲು 8ರಿಂದ 12 ವಾರ ಹಿಡಿಯುತ್ತದೆ. ಪಕ್ಕದ ಹಾಸಿಗೆಯವರ ಲೆಕ್ಕ ನಮಗೆ ಆಗಿಬರುವುದಿಲ್ಲ.

ನಾನು ಹೇಳಬೇಕಾದದ್ದು ಉಸಿರಿನ ಬಗ್ಗೆ.

ಪುನಶ್ಚೇತನ ತರಬೇತಿಯ ಮೊದಲ ದಿನ ಫಿಸಿಯೋಥೆರಪಿಸ್ಟ್ ನನ್ನ ಕೈಗೆ 2 ಕೆಜಿಯ ಡಂಬೆಲ್ ಕೊಟ್ಟು, "ಜೋರಾಗಿ ಎಣಿಸ್ತಾ ಎತ್ತಿ" ಅಂದರು. ಒಂದು, ಎರಡು ಅಂದೆ. ಮೂರಕ್ಕೆ ದನಿಯೇ ಬರಲಿಲ್ಲ. ಅಷ್ಟು ಸಣ್ಣ ಭಾರಕ್ಕೂ ಉಸಿರು ಬಿಗಿಹಿಡಿದಿದ್ದೆ! ವರ್ಷಗಟ್ಟಲೆ ಭಾರ ಎತ್ತಿದ ಅಭ್ಯಾಸ ಅದು. ಎಣಿಸುತ್ತಿರುವವರು ಉಸಿರು ಕಟ್ಟಲಾರರು. ಅದಕ್ಕೇ ಅವರು ಎಣಿಸೋಕೆ ಹೇಳಿದ್ದು.

ಉಸಿರು ಕಟ್ಟಿದರೆ ಏನಾಗುತ್ತದೆ? ಎದೆ, ಹೊಟ್ಟೆಯೊಳಗೆ ಒತ್ತಡ ಏರುತ್ತದೆ, ಜೊತೆಗೆ ಬಿಪಿಯೂ ಸರ್ರನೆ ಮೇಲೇರುತ್ತದೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಡಿಬಿಲ್ಡರ್‌ಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದಿದ್ದರು. ತುಂಬಾ ಭಾರದ ಲೆಗ್ ಪ್ರೆಸ್ (ಕಾಲಿನಿಂದ ಭಾರ ತಳ್ಳುವ ವ್ಯಾಯಾಮ) ಮಾಡುವಾಗ ಸರಾಸರಿ ಬಿಪಿ 320/250 ಮುಟ್ಟಿತ್ತು. ಅವರು ಆರೋಗ್ಯವಂತ ಯುವಕರು. ನಮ್ಮಂಥವರು ಆ ಕಡೆ ಹೋಗಲೇಬಾರದು.

ಆದ್ದರಿಂದ ಭಾರ ಕಡಿಮೆ, ಸಲ ಜಾಸ್ತಿ. ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಕೈಗೆ ಶೇ. 30–40, ಕಾಲಿಗೆ ಶೇ. 50–60. ಸಾಮಾನ್ಯವಾಗಿ ಶುರು ಮಾಡಿಸುವುದು ಇಷ್ಟರಿಂದಲೇ, 10ರಿಂದ 15 ಸಲ. ಹಾಗಂತ ಆ ಗರಿಷ್ಠ ಎಷ್ಟು ಅಂತ ಎತ್ತಿ ನೋಡಲು ಹೋಗಬೇಡಿ. ಹಗುರದಿಂದ ಹತ್ತುತ್ತಾ ಹೋದರೆ ಸಾಕು.

ಇನ್ನೊಂದು ವಿಷಯ. ಹೃದಯಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ನಾಡಿಬಡಿತ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ವಾಚ್ ತೋರಿಸುವ ಅಂಕಿ ನಂಬಿ ಕೂತರೆ ಮೋಸ ಹೋಗುತ್ತೀರಿ. ನನಗೆ ಹೇಳಿಕೊಟ್ಟದ್ದು ಬೋರ್ಗ್ ಅಳತೆ, ಅಂದರೆ ಎಷ್ಟು ದಣಿವಾಗಿದೆ ಅಂತ ನಾವೇ ಕೊಡುವ ಅಂಕಿ. 6 ಅಂದರೆ ಸುಮ್ನೆ ಕೂತ ಹಾಗೆ, 20 ಅಂದರೆ ಇನ್ನು ಆಗಲ್ಲ ಅನ್ನುವಷ್ಟು ಸುಸ್ತು. 11ರಿಂದ 13ರೊಳಗೆ ಇರಬೇಕು. ಆ ಹೊತ್ತಿನಲ್ಲಿ ಮಾತಾಡಲು ಕಷ್ಟ ಆಗಬಾರದು. ಎದೆ ಹಿಡಿದರೆ, ತಲೆ ಸುತ್ತಿದರೆ, ಬಡಿತ ತಪ್ಪಿದ ಹಾಗಾದರೆ ಅಲ್ಲೇ ಇಳಿಸಿಬಿಡಿ. ಎದೆನೋವು ಕಡಿಮೆಯಾಗದಿದ್ದರೆ ಆಂಬ್ಯುಲೆನ್ಸ್ ಕರೆಸಿ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯಿಂದ ಮೈಮೇಲೆ ಬೇಗ ನೀಲಿ ಕಲೆ ಬೀಳುತ್ತದೆ. ನನ್ನ ತೊಡೆಗೆ ಭಾರ ಎತ್ತುವ ಸರಳು (ಬಾರ್) ತಾಗಿದಲ್ಲೆಲ್ಲ ಬಿದ್ದಿತ್ತು. ಅದನ್ನು ಕಂಡು ಹೆದರಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ಮೊದಲು ನಾನು ಡೆಡ್‌ಲಿಫ್ಟ್‌ನಲ್ಲಿ (ಬಾರನ್ನು ನೆಲದಿಂದ ಎತ್ತಿ ನಿಲ್ಲುವುದು) 100 ಕೆಜಿ ಎತ್ತುತ್ತಿದ್ದೆ. ಈಗ 60, ಹನ್ನೆರಡು ಸಲ, ಪ್ರತಿ ಸಲವೂ ಜೋರಾಗಿ ಎಣಿಸುತ್ತಾ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ, ನೋಡಲಿ. 65ಕ್ಕೆ ಹೋಗಬಹುದಾ ಅಂತ ಮುಂದಿನ ತಪಾಸಣೆಯಲ್ಲಿ ಡಾಕ್ಟರನ್ನು ಕೇಳಬೇಕು.